ಡೇವಿಡ್ ಬ್ರೂಸ್

ಸರ್ ಡೇವಿಡ್ ಬ್ರೂಸ್ (29 ಮೇ 1855 – 27 ನವೆಂಬರ್ 1931) ಬ್ರಿಟಿಷ್ ಸೇನಾ ವೈದ್ಯರು ಹಾಗೂ ಸೂಕ್ಷ್ಮಜೀವಿ ವಿಜ್ಞಾನಿ. ಆಫ್ರಿಕದ ದನ, ಕುದುರೆಗಳನ್ನು ಬಲಿ ತೆಗೆದುಕೊಳ್ಳುವ ನಗಾನ ರೋಗದ ಪರಾವಲಂಬಿ ಜೀವಿಯನ್ನು ಕಂಡುಹಿಡಿದು, ಅದು ಕಾಡುಪ್ರಾಣಿಗಳ ರಕ್ತದಲ್ಲಿ ನೆಲೆಸಿ ತ್ಸೆತ್ಸೆ ನೊಣದ ಮೂಲಕ ಸಾಕುಪ್ರಾಣಿಗಳಿಗೆ ದಾಟುತ್ತದೆಂಬುದನ್ನು ಇವರು ತೋರಿಸಿಕೊಟ್ಟರು. ಆ ಜೀವಿಗೆ 1899ರಲ್ಲಿ ಟ್ರಿಪನೋಸೋಮ ಬ್ರೂಸಿ ಎಂದು ಇವರ ಹೆಸರನ್ನೇ ಇಡಲಾಯಿತು.

ಆರಂಭಿಕ ಜೀವನ

ಬ್ರೂಸ್ ಹುಟ್ಟಿದ್ದು ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ. ತಂದೆತಾಯಿಗಳು ಸ್ಕಾಟ್ಲೆಂಡಿನವರು, ಮಗನಿಗೆ ಐದು ವರ್ಷವಾದಾಗ ತಾಯ್ನಾಡಿಗೆ ಮರಳಿ ಸ್ಟರ್ಲಿಂಗ್‌ನಲ್ಲಿ ನೆಲೆಸಿದರು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಮೊದಲು ಪ್ರಾಣಿಶಾಸ್ತ್ರಕ್ಕೆ ಸೇರಿ, ಬಳಿಕ ವೈದ್ಯಶಾಸ್ತ್ರಕ್ಕೆ ಬದಲಾಯಿಸಿಕೊಂಡು 1881ರಲ್ಲಿ ಪದವಿ ಪಡೆದರು. 1883ರಲ್ಲಿ ಮೇರಿ ಎಲಿಜಬೆತ್ ಸ್ಟೀಲ್ ಅವರನ್ನು ವಿವಾಹವಾಗಿ, ಅದೇ ವರ್ಷ ಸೇನಾ ವೈದ್ಯಕೀಯ ಸೇವೆ ಸೇರಿದರು. ಮಾಲ್ಟಾ ದ್ವೀಪದಲ್ಲಿದ್ದಾಗ, 1887ರಲ್ಲಿ, ಸೈನಿಕರನ್ನು ಕಾಡುತ್ತಿದ್ದ ಮಾಲ್ಟಾ ಜ್ವರದ ಬ್ಯಾಕ್ಟೀರಿಯವನ್ನು ಪ್ರತ್ಯೇಕಿಸಿದರು. ಇಂದಿನ ಬ್ರೂಸೆಲ್ಲೋಸಿಸ್ ಎಂಬ ಹೆಸರು ಅದರಿಂದಲೇ ಬಂದದ್ದು. ಆಡಿನ ಹಾಲಿನಿಂದ ಈ ಜ್ವರ ಹರಡುತ್ತದೆಂಬುದಕ್ಕೆ 1905ರಲ್ಲಿ ದಾರಿ ತೋರಿದವರು ಮಾಲ್ಟಾದ ವೈದ್ಯ ಥೆಮಿಸ್ಟೊಕ್ಲಿಸ್ ಝಾಮಿತ್. ಆ ಕೀರ್ತಿಯನ್ನೂ ಬ್ರೂಸ್ ಅವರಿಗೇ ಸಲ್ಲಿಸುವ ವಾಡಿಕೆ ಸರಿಯಲ್ಲ.

ಉಬೊಂಬೊದಲ್ಲಿ ಸಂಶೋಧನೆ

ಜೂಲುಲ್ಯಾಂಡಿನಲ್ಲಿ (ಇಂದಿನ ದಕ್ಷಿಣ ಆಫ್ರಿಕದ ಭಾಗ) ಜಾನುವಾರುಗಳು ಸೊರಗಿ ಸಾಯುತ್ತಿದ್ದ ಕಾರಣವನ್ನು ಪತ್ತೆಹಚ್ಚಲು 1894ರಲ್ಲಿ ಬ್ರೂಸ್ ಅವರನ್ನು ಕಳುಹಿಸಲಾಯಿತು. ದಂಪತಿಗಳು ಎತ್ತಿನ ಗಾಡಿಯಲ್ಲಿ ಉಬೊಂಬೊ ಬೆಟ್ಟವನ್ನು ತಲುಪಿದರು. ಅಲ್ಲಿನ ಗುಡಿಸಲೇ ಪ್ರಯೋಗಶಾಲೆಯಾಯಿತು. ಸೂಕ್ಷ್ಮದರ್ಶಕದ ಕೆಲಸದಲ್ಲಿಯೂ ಚಿತ್ರ ಬರೆಯುವುದರಲ್ಲಿಯೂ ಮೇರಿಯವರ ಪಾಲು ದೊಡ್ಡದು.

ರೋಗದ ಬಗ್ಗೆ ಅಲ್ಲಿ ಎರಡು ಅಭಿಪ್ರಾಯಗಳಿದ್ದವು. ಯುರೋಪಿನ ಬೇಟೆಗಾರರು ನೊಣವನ್ನು ದೂರುತ್ತಿದ್ದರು. ಕಾಡುಮೃಗಗಳು ಮೇದ ಹುಲ್ಲು, ಕುಡಿದ ನೀರು ಕೆಡುವುದರಿಂದ ರೋಗ ಬರುತ್ತದೆಂಬುದು ಜೂಲು ಜನರ ನಂಬಿಕೆ. ಬೆಟ್ಟದ ಮೇಲೆ ನೊಣವಿರಲಿಲ್ಲ, ಕೆಳಗಿನ ಬಯಲಿನಲ್ಲಿತ್ತು. ಬ್ರೂಸ್ ಈ ಅನುಕೂಲವನ್ನು ಜಾಣತನದಿಂದ ಬಳಸಿಕೊಂಡರು. ಏನನ್ನೂ ಮೇಯದಂತೆ, ಕುಡಿಯದಂತೆ ನೋಡಿಕೊಂಡು ಕುದುರೆಗಳನ್ನು ಕೆಲವು ಗಂಟೆ ಬಯಲಿಗಿಳಿಸಿ ಮರಳಿ ತಂದಾಗ ಅವು ರೋಗಕ್ಕೆ ತುತ್ತಾದವು. ಬಯಲಿನ ಹುಲ್ಲನ್ನೂ ನೀರನ್ನೂ ಬೆಟ್ಟದ ಮೇಲೆ ತಂದು ಕೊಟ್ಟಾಗ ಏನೂ ಆಗಲಿಲ್ಲ. ನೊಣಗಳನ್ನು ಹಿಡಿದು ತಂದು ಕಚ್ಚಿಸಿದಾಗ ರೋಗ ಬಂತು.

ಹಾಗೆಂದು ಜೂಲು ಜನರ ಮಾತನ್ನು ಅವರು ತಳ್ಳಿಹಾಕಲಿಲ್ಲ. ಕಾಡೆಮ್ಮೆ, ವೈಲ್ಡ್‌ಬೀಸ್ಟ್, ಕುಡು, ಬುಷ್‌ಬಕ್, ಕತ್ತೆಕಿರುಬ ಮೊದಲಾದವುಗಳ ರಕ್ತವನ್ನು ಆರೋಗ್ಯವಂತ ಪ್ರಾಣಿಗಳಿಗೆ ಚುಚ್ಚಿದಾಗ ಅವುಗಳಲ್ಲಿ ಕೆಲವಕ್ಕೆ ನಗಾನ ತಗುಲಿತು. ಸೂಕ್ಷ್ಮದರ್ಶಕಕ್ಕೆ ಸುಲಭವಾಗಿ ಕಾಣಿಸದಷ್ಟು ವಿರಳವಾಗಿ ಪರಾವಲಂಬಿ ಆ ಮೃಗಗಳ ರಕ್ತದಲ್ಲಿತ್ತು. ಅವುಗಳಿಗೆ ಅದು ಹೆಚ್ಚಿನ ತೊಂದರೆ ಕೊಡುತ್ತಿರಲಿಲ್ಲ. ಕಾಡಿನಲ್ಲಿ ಹೊಂದಿಕೊಂಡು ಬಾಳುತ್ತಿದ್ದ ಜೀವಿ, ದನದ ಮಂದೆ ನೊಣದ ಸೀಮೆಗೆ ಬಂದಾಗ ಮಾರಿಯಾಯಿತು. ಎರಡು ಅಭಿಪ್ರಾಯಗಳಲ್ಲಿಯೂ ಅರ್ಧರ್ಧ ಸತ್ಯವಿತ್ತು. ಭಾರತದಲ್ಲಿ ಗ್ರಿಫಿತ್ ಇವಾನ್ಸ್ 1880ರಲ್ಲಿ ಕುದುರೆ, ಒಂಟೆಗಳ ಸರ್ರಾ ರೋಗದಲ್ಲಿ ಕಂಡ ಜೀವಿ ಇದರ ಹತ್ತಿರದ ಸಂಬಂಧಿ.

ಉಗಾಂಡ ಮತ್ತು ನ್ಯಾಸಲ್ಯಾಂಡ್

1903ರಲ್ಲಿ ಬ್ರೂಸ್ ಉಗಾಂಡಕ್ಕೆ ಹೋದಾಗ ವಿಕ್ಟೋರಿಯ ಸರೋವರದ ದಡದಲ್ಲಿ ನಿದ್ರಾರೋಗ ಊರೂರನ್ನೇ ಬರಿದು ಮಾಡುತ್ತಿತ್ತು. ರೋಗಿಗಳಲ್ಲಿ ಟ್ರಿಪನೋಸೋಮನ್ನು ಆಲ್ಡೊ ಕಾಸ್ಟೆಲಾನಿ ಆಗಲೇ ಕಂಡಿದ್ದರು. ಬ್ರೂಸ್ ಊರೂರುಗಳಿಂದ ನೊಣಗಳನ್ನು ತರಿಸಿ ನಕ್ಷೆ ತಯಾರಿಸಿದರು; ನೊಣದ ಸೀಮೆ ಮತ್ತು ರೋಗದ ಸೀಮೆ ಒಂದೇ ಎಂದು ತಿಳಿಯಿತು. ಆಡಳಿತವು ದಡದ ಜನರನ್ನು ಒಳನಾಡಿಗೆ ಸಾಗಿಸಿತು. ಮನುಷ್ಯರಿಲ್ಲದಿದ್ದರೆ ನೊಣಗಳು ರೋಗಮುಕ್ತವಾಗುತ್ತವೆಂಬ ನಿರೀಕ್ಷೆ ಸುಳ್ಳಾಯಿತು. ವರ್ಷಗಳ ಬಳಿಕವೂ ನೊಣಗಳಲ್ಲಿ ಸೋಂಕು ಉಳಿದಿದ್ದುದನ್ನು 1908–10ರ ಆಯೋಗದಲ್ಲಿ ಬ್ರೂಸ್ ಅವರೇ ಕಂಡರು. ಸಂಶಯ ದಡದ ಜಿಂಕೆಜಾತಿಯ ಪ್ರಾಣಿಗಳತ್ತ ತಿರುಗಿತು.

ನ್ಯಾಸಲ್ಯಾಂಡಿನಲ್ಲಿ (ಇಂದಿನ ಮಲಾವಿ) 1911ರಿಂದ 1914ರವರೆಗೆ ನಡೆಸಿದ ಅಧ್ಯಯನದ ನಂತರ, ನೊಣದ ಸೀಮೆಯ ಕಾಡುಮೃಗಗಳಿಗೆ ಕಾನೂನಿನ ರಕ್ಷಣೆ ಇರಬಾರದೆಂದು ಅವರು ವಾದಿಸಿದರು. ಪ್ರಯೋಗದಲ್ಲಿದ್ದ ತಾಳ್ಮೆ ಈ ಸಲಹೆಯಲ್ಲಿ ಇರಲಿಲ್ಲವೆನ್ನಬೇಕು.

ಕೊನೆಯ ದಿನಗಳು ಮತ್ತು ನಂತರದ ಪರಿಣಾಮ

1908ರಲ್ಲಿ ಸರ್ ಪದವಿ ದೊರೆಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೇನಾ ವೈದ್ಯಕೀಯ ಕಾಲೇಜಿನ ಮುಖ್ಯಸ್ಥರಾಗಿದ್ದು ಬಳಿಕ ನಿವೃತ್ತರಾದರು. 1931ರ ನವೆಂಬರಿನಲ್ಲಿ ಮೇರಿ ತೀರಿಕೊಂಡರು. ನಾಲ್ಕು ದಿನಗಳ ನಂತರ, ಅವರ ಅಂತ್ಯಕ್ರಿಯೆಯ ದಿನವೇ, ಬ್ರೂಸ್ ಕೂಡ ನಿಧನರಾದರು. ತಮ್ಮ ಕೆಲಸದ ಬಗ್ಗೆ ಬರೆಯುವಾಗ ಪತ್ನಿಯ ಪಾಲನ್ನು ಮರೆಯಬಾರದೆಂದು ಅವರು ಕೇಳಿಕೊಂಡಿದ್ದರು.

ಜೂಲುಲ್ಯಾಂಡಿನಲ್ಲಿ 1929ರಿಂದ 1950ರವರೆಗೆ ಹಲವು ಬಾರಿ ನಗಾನ ತಡೆಯುವ ಹೆಸರಿನಲ್ಲಿ ಸಾವಿರಾರು ಕಾಡುಪ್ರಾಣಿಗಳನ್ನು ಗುಂಡಿಕ್ಕಿ ಕೊಲ್ಲಲಾಯಿತು. ಬಿಳಿ ಘೇಂಡಾಮೃಗವನ್ನು ಮಾತ್ರ ಉಳಿಸಿಕೊಂಡರು. ಆಫ್ರಿಕದ ನೊಣಗಳು ಹೀರಿದ್ದ ರಕ್ತವನ್ನು ಮುಂದೆ ಪರೀಕ್ಷಿಸಿದಾಗ, ಅವು ಹೆಚ್ಚಾಗಿ ಕಾಡುಹಂದಿಯ ಜಾತಿಗಳನ್ನೂ ಬುಷ್‌ಬಕ್‌ನಂಥ ಕೆಲವೇ ಪ್ರಾಣಿಗಳನ್ನೂ ಕಚ್ಚುತ್ತವೆ, ಸೀಬ್ರಾ, ವೈಲ್ಡ್‌ಬೀಸ್ಟ್‌ಗಳನ್ನು ಕಚ್ಚುವುದು ಅಪರೂಪ ಎಂದು ಗೊತ್ತಾಯಿತು. ಕೊನೆಗೆ ವಿಮಾನದಿಂದ ಡಿಡಿಟಿ ಸಿಂಪಡಿಸಿ ಮುಖ್ಯ ಜಾತಿಯ ನೊಣವನ್ನು ಅಲ್ಲಿಂದ ನಿರ್ಮೂಲ ಮಾಡಲಾಯಿತು. ಉಳಿದ ಎರಡು ಜಾತಿಯ ನೊಣಗಳಿಂದ 1990ರಲ್ಲಿ ಆ ಪ್ರದೇಶದ ದನಗಳಲ್ಲಿ ನಗಾನ ಮತ್ತೆ ಕಾಣಿಸಿಕೊಂಡಿತು.