ನೀಲಿ ಬಣ್ಣದಲ್ಲಿ ರೋಗ ಅಳೆದ ಡಾ. ಯಲ್ಲಾಪ್ರಗಡ ಸುಬ್ಬರಾವ್



ಪ್ರತಿ ತಿಂಗಳೂ ನಮ್ಮ ಗೋಡೆ ಪತ್ರಿಕೆಯ ಈ ಮೂಲೆಯಲ್ಲಿ ಒಬ್ಬ ಮಹನೀಯರ ಜೀವನ ಚರಿತ್ರೆ ಇರುತ್ತದೆ. ಹೋದ ತಿಂಗಳು ವಿಶ್ವೇಶ್ವರಯ್ಯನವರದ್ದು ಬಂದಿತ್ತು, ಅದರ ಹಿಂದಿನ ತಿಂಗಳು ಸಿ.ವಿ. ರಾಮನ್. ಈ ತಿಂಗಳು ನನ್ನ ಪಾಳಿ. ನಾನು ಆರಿಸಿಕೊಂಡ ಹೆಸರು ಹೇಳಿದಾಗ ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂರು ತಿಂಗಳ ಹಿಂದೆ ನನಗೂ ಗೊತ್ತಿರಲಿಲ್ಲ. ನಮ್ಮ ತಾತನಿಗೆ ಕಾಮಾಲೆ ಬಂದಿದ್ದರಿಂದ ಗೊತ್ತಾಯಿತು. ಆ ವಿಷಯ ಆಮೇಲೆ ಹೇಳ್ತೀನಿ.

ಸುಬ್ಬರಾವ್ ಅವರು 1895ನೇ ಇಸವಿ ಜನವರಿ 12ರಂದು ಈಗಿನ ಆಂಧ್ರ ಪ್ರದೇಶದ ಭೀಮವರಂ ಎಂಬ ಊರಿನಲ್ಲಿ ಜನಿಸಿದರು. ಆಗ ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ತಂದೆಯ ಹೆಸರು ಜಗನ್ನಾಥಂ, ತಾಯಿ ವೆಂಕಮ್ಮ. ಮನೆಯಲ್ಲಿ ಏಳು ಮಕ್ಕಳು, ಬಡತನ. ಹುಡುಗ ಓದಿನಲ್ಲಿ ಜಾಣ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಹದಿಮೂರನೇ ವಯಸ್ಸಿನಲ್ಲಿ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡ್ತೀನಿ ಅಂತ ಮನೆ ಬಿಟ್ಟು ಓಡಿಹೋದ. ದಾರಿಯಲ್ಲೇ ಸಿಕ್ಕಿಬಿದ್ದ. ತಾಯಿ ಬಿಡಲಿಲ್ಲ, ಮತ್ತೆ ಶಾಲೆಗೇ ಕಳಿಸಿದರು. ನನಗೂ ಈಗ ಹದಿಮೂರು ವರ್ಷ. ಓಡಿಹೋಗುವ ಆಲೋಚನೆ ನಮ್ಮ ತರಗತಿಯಲ್ಲಿ ಯಾರ್ಯಾರಿಗೆ ಬಂದಿದೆ ಅಂತ ನಾನು ಇಲ್ಲಿ ಬರೆಯುವುದಿಲ್ಲ.

ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದರು. ಮೂರನೇ ಸಲ ಪಾಸಾದರು. ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದರು. ರಾಮಕೃಷ್ಣ ಮಠಕ್ಕೆ ಸೇರಿ ಸನ್ಯಾಸಿಯಾಗಬೇಕು ಅಂತ ಆಸೆ ಇತ್ತು. ತಾಯಿ ಒಪ್ಪಲಿಲ್ಲ. ಹಾಗಾಗಿ ವೈದ್ಯನಾಗಿ ಜನಸೇವೆ ಮಾಡೋಣ ಅಂತ ಮದ್ರಾಸ್ ಮೆಡಿಕಲ್ ಕಾಲೇಜಿಗೆ ಸೇರಿದರು.

ಅಲ್ಲೊಂದು ಘಟನೆ ನಡೆಯಿತು. ಗಾಂಧೀಜಿಯವರು ಬ್ರಿಟಿಷ್ ಬಟ್ಟೆ ಬಿಡಿ ಅಂತ ಕರೆ ಕೊಟ್ಟಿದ್ದರು. ಸುಬ್ಬರಾವ್ ಅವರು ಆಪರೇಷನ್ ಕೋಣೆಗೂ ಖಾದಿ ಬಟ್ಟೆ ಹಾಕಿಕೊಂಡು ಬಂದರು. ಶಸ್ತ್ರಚಿಕಿತ್ಸೆ ಕಲಿಸುವ ಇಂಗ್ಲಿಷ್ ಪ್ರೊಫೆಸರ್ ಬ್ರಾಡ್‌ಫೀಲ್ಡ್ ಅವರಿಗೆ ಅದು ಹಿಡಿಸಲಿಲ್ಲ. ಕೊನೆಗೆ ಇವರಿಗೆ ಎಂ.ಬಿ.ಬಿ.ಎಸ್. ಪದವಿ ಸಿಗಲಿಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಸರ್ಟಿಫಿಕೇಟ್ ಸಿಕ್ಕಿತು. ಒಂದು ಬಟ್ಟೆಗಾಗಿ ಇಷ್ಟು! ಸರ್ಕಾರಿ ವೈದ್ಯರ ಕೆಲಸವೂ ಸಿಗಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಮನೆಯಲ್ಲಿ ಬಿದ್ದಿತ್ತು. ಸ್ಪ್ರೂ ಅಂತ ಒಂದು ರೋಗ ಇದೆ. ತಿಂದ ಅನ್ನ ಕರುಳಿನಲ್ಲಿ ಹೀರಿಕೊಳ್ಳದೆ ಹಾಗೇ ಭೇದಿಯಾಗಿ ಹೋಗುತ್ತದೆ, ನಾಲಿಗೆ ಹುಣ್ಣಾಗುತ್ತದೆ, ರಕ್ತ ಕಡಿಮೆಯಾಗುತ್ತದೆ, ಮನುಷ್ಯ ಕಡ್ಡಿಯ ಹಾಗೆ ಒಣಗುತ್ತಾನೆ. ಈ ರೋಗದಿಂದ ಅವರ ಇಬ್ಬರು ಸಹೋದರರು ಎಂಟು ದಿನಗಳ ಅಂತರದಲ್ಲಿ ತೀರಿಕೊಂಡರು. ಎಂಟೇ ದಿನ! ಅವರ ತಾಯಿಗೆ ಹೇಗಾಗಿರಬೇಡ. ಮುಂದೆ ಸುಬ್ಬರಾವ್ ಅವರಿಗೂ ಅದೇ ರೋಗ ಬಂತು. ಅವರನ್ನು ಉಳಿಸಿದವರು ಆಯುರ್ವೇದ ಪಂಡಿತರಾದ ಡಾ. ಆಚಂಟ ಲಕ್ಷ್ಮೀಪತಿಯವರು. ಅವರ ಆಯುರ್ವೇದ ಕಾಲೇಜಿನಲ್ಲೇ ಸುಬ್ಬರಾವ್ ಅವರು ಸ್ವಲ್ಪ ಕಾಲ ಅಂಗರಚನೆ ಪಾಠ ಮಾಡಿದರು. ಆದರೆ ಔಷಧಿಯಲ್ಲಿ ಯಾವ ಅಂಶ ತನ್ನನ್ನು ಉಳಿಸಿತು, ಅಣ್ಣತಮ್ಮಂದಿರ ಮೈಯಲ್ಲಿ ಏನು ಕಡಿಮೆಯಾಗಿತ್ತು, ಇದನ್ನು ತಿಳಿಯಲೇಬೇಕು ಅಂತ ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು.

ಮಾವನವರು ಮತ್ತು ಧರ್ಮಸಂಸ್ಥೆಯವರು ಕೊಟ್ಟ ಹಣದಿಂದ ಹಡಗು ಹತ್ತಿ ಅಮೆರಿಕದ ಬಾಸ್ಟನ್ ನಗರಕ್ಕೆ ಹೋದರು. ಹೆಂಡತಿ ಶೇಷಗಿರಿಯವರಿಗೆ ಮೂರು ವರ್ಷದಲ್ಲಿ ಬರ್ತೀನಿ ಅಂತ ಹೇಳಿ ಹೋಗಿದ್ದರು. ಅಲ್ಲಿ ಹಗಲು ಹಾರ್ವರ್ಡ್‌ನಲ್ಲಿ ಉಷ್ಣವಲಯದ ರೋಗಗಳ ಓದು, ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ಕೆಲಸ. ವೈದ್ಯ ಓದಿದವರು ಅಂತ ಬೇರೆ ಕೆಲಸ ಕಾಯುತ್ತಾ ಕೂರಲಿಲ್ಲ. 1924ರಲ್ಲಿ ಡಿಪ್ಲೊಮಾ ಪಡೆದು, ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಎಂಬವರ ಕೈಕೆಳಗೆ ಸೇರಿದರು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ದಯವಿಟ್ಟು ಇಲ್ಲಿ ಯಾರೂ ಓದುವುದು ಬಿಟ್ಟು ಪಕ್ಕದ ಒಗಟುಗಳ ಕಡೆ ಹೋಗಬೇಡಿ.

ನಮ್ಮ ರಕ್ತದಲ್ಲಿ ರಂಜಕ ಇದೆ. ಅದನ್ನು ಇಂಗ್ಲಿಷಿನಲ್ಲಿ ಫಾಸ್ಫರಸ್ ಅಂತಾರೆ. ದೊಡ್ಡವರ 100 ಮಿಲಿಲೀಟರ್ ರಕ್ತರಸದಲ್ಲಿ ಸುಮಾರು 2.5ರಿಂದ 4.5 ಮಿಲಿಗ್ರಾಂ ಮಾತ್ರ. ಉಪ್ಪಿನ ಒಂದು ಚಿಟಿಕೆಗಿಂತ ಎಷ್ಟೋ ಕಡಿಮೆ. ಕಿಡ್ನಿ ಕೆಟ್ಟರೆ ಇದು ಹೆಚ್ಚಾಗುತ್ತದೆ. ಮಕ್ಕಳ ಮೂಳೆ ಮೆತ್ತಗಾಗಿ ಕಾಲು ಬಿಲ್ಲಿನ ಹಾಗೆ ಬಾಗುವ ರಿಕೆಟ್ಸ್ ರೋಗದಲ್ಲಿ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆದರೆ ಇಷ್ಟು ಸಣ್ಣ ಪ್ರಮಾಣವನ್ನು ತಕ್ಕಡಿಯಲ್ಲಿ ತೂಗಲು ಆಗುತ್ತಾ? ಆಗಲ್ಲ. ಬಣ್ಣದಿಂದ ಅಳೆಯುವ ವಿಧಾನಗಳು ಮೊದಲೇ ಇದ್ದವು, ಆದರೆ ಅವುಗಳಲ್ಲಿ ತೊಂದರೆಗಳಿದ್ದವು.

ಫಿಸ್ಕ್ ಮತ್ತು ಸುಬ್ಬರಾವ್ ಮಾಡಿದ ವಿಧಾನ ಹೀಗಿದೆ. ಮೊದಲು ರಕ್ತಕ್ಕೆ ಒಂದು ಆಮ್ಲ ಹಾಕಿ ಅದರ ಪ್ರೋಟೀನ್ ಒಡೆದ ಹಾಲಿನ ಹಾಗೆ ಗಟ್ಟಿಯಾಗಿ ಕೂರುವಂತೆ ಮಾಡಿ ಸೋಸುವುದು. ಉಳಿದ ತಿಳಿನೀರಿಗೆ ಮಾಲಿಬ್ಡೇಟ್ ಎಂಬ ಲವಣ, ಆಮ್ಲ ಸೇರಿಸುವುದು. ಅದು ರಂಜಕದ ಜೊತೆ ಕೂಡಿಕೊಳ್ಳುತ್ತದೆ. ಆಮೇಲೆ ಇನ್ನೊಂದು ರಾಸಾಯನಿಕ ಹಾಕಿದರೆ ನೀಲಿ ಬಣ್ಣ ಬರುತ್ತದೆ. ರಂಜಕ ಜಾಸ್ತಿ ಇದ್ದರೆ ಗಾಢ ನೀಲಿ, ಕಡಿಮೆ ಇದ್ದರೆ ತಿಳಿ ನೀಲಿ. ಎಷ್ಟು ರಂಜಕ ಇದೆ ಅಂತ ಗೊತ್ತಿರುವ ಇನ್ನೊಂದು ನೀಲಿ ದ್ರಾವಣದ ಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ಸಿಗುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ನಾನು ಮನೆಯಲ್ಲಿ ಬಟ್ಟೆಗೆ ಹಾಕುವ ನೀಲಿ ತಗೊಂಡು ನಾಲ್ಕು ಲೋಟ ನೀರಿಗೆ ಒಂದು, ಎರಡು, ಮೂರು, ನಾಲ್ಕು ಹನಿ ಹಾಕಿದೆ. ಐದನೇ ಲೋಟಕ್ಕೆ ನನ್ನ ತಂಗಿ ನನಗೆ ಕಾಣದ ಹಾಗೆ ಹನಿ ಹಾಕಿದಳು. ಪಕ್ಕ ಇಟ್ಟು ನೋಡಿ ಮೂರು ಹನಿ ಅಂದೆ. ಸರಿಯಾಗಿತ್ತು. ನೀವೂ ಮಾಡಿ ನೋಡಿ. ಆದರೆ ಲೋಟ ಅಮ್ಮನಿಗೆ ಕೇಳಿ ತಗೊಳ್ಳಿ, ನನಗೆ ಬೈಗುಳ ಬಿತ್ತು.

ಈ ವಿಧಾನ 1925ರಲ್ಲಿ ಪ್ರಕಟವಾಯಿತು. ಇಂದಿಗೂ ಜೀವರಸಾಯನ ಓದುವವರಿಗೆ ಅದು ಫಿಸ್ಕ್–ಸುಬ್ಬರಾವ್ ವಿಧಾನ ಅಂತಲೇ ಪರಿಚಯ.

ಒಂದು ಚಮತ್ಕಾರ ಕೇಳಿ. ಇದೇ ಪರೀಕ್ಷೆಯನ್ನು ಸ್ನಾಯುವಿನ ರಸಕ್ಕೆ ಮಾಡಿದಾಗ ನೀಲಿ ಬಣ್ಣ ಬರಬೇಕಾದ ಹೊತ್ತಿಗೆ ಪೂರ್ತಿ ಬರಲಿಲ್ಲ, ನಿಧಾನವಾಗಿ ಏರುತ್ತಾ ಹೋಯಿತು. ಬೇರೆಯವರಾಗಿದ್ದರೆ ದ್ರಾವಣ ಕೆಟ್ಟಿದೆ ಅಂತ ಚೆಲ್ಲುತ್ತಿದ್ದರೋ ಏನೋ. ಇವರು ಯಾಕೆ ತಡವಾಯಿತು ಅಂತ ಹುಡುಕಿದರು. ರಂಜಕ ಇನ್ನೊಂದು ವಸ್ತುವಿನ ಜೊತೆ ಅಂಟಿಕೊಂಡಿತ್ತು, ಆಮ್ಲದಲ್ಲಿ ಮೆಲ್ಲಗೆ ಬಿಡಿಸಿಕೊಳ್ಳುತ್ತಿತ್ತು. ಹೀಗೆ 1927ರಲ್ಲಿ ಫಾಸ್ಫೋಕ್ರಿಯಾಟಿನ್ ಸಿಕ್ಕಿತು. 1929ರಲ್ಲಿ ಎ.ಟಿ.ಪಿ. ಸಿಕ್ಕಿತು. ಅದೇ ವರ್ಷ ಜರ್ಮನಿಯಲ್ಲಿ ಲೋಮನ್ ಎಂಬವರೂ ಎ.ಟಿ.ಪಿ. ಕಂಡುಹಿಡಿದರು. ನಾವು ಕಬಡ್ಡಿ ಆಡುವಾಗ ಸ್ನಾಯುಗಳಿಗೆ ಶಕ್ತಿ ಕೊಡುವ ವಸ್ತುಗಳು ಇವೇ.

ಈಗ ನಮ್ಮ ತಾತನ ವಿಷಯ. ತಾತನ ಕಣ್ಣು ಅರಿಶಿನದ ಹಾಗೆ ಹಳದಿಯಾಯಿತು. ಊರಿನಲ್ಲಿ ಎಲ್ಲರೂ ಮಾಡುವ ಹಾಗೆ ನಾವೂ ಸೊಪ್ಪಿನ ಔಷಧಿ ಕೊಡಿಸಿದೆವು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯಲು ಅದನ್ನು ತರುತ್ತಿದ್ದವನು ನಾನೇ. ಹದಿನೈದು ದಿನ ಕಳೆಯಿತು. ಹಳದಿ ಜಾಸ್ತಿಯಾಯಿತು, ಮೈಯೆಲ್ಲ ನವೆ, ರಾತ್ರಿಯೆಲ್ಲ ಕೆರೆದುಕೊಳ್ಳುತ್ತಿದ್ದರು. ಆಮೇಲೆ ಪೇಟೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ತೆಗೆದರು. ಸಂಜೆ ಬಂದ ರಿಪೋರ್ಟಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ 612 ಅಂತ ಇತ್ತು. ದೊಡ್ಡವರಿಗೆ ಸುಮಾರು 40ರಿಂದ 130ರೊಳಗೆ ಇರಬೇಕು. ಎಸ್‌ಜಿಪಿಟಿ ಅನ್ನೋದು ಮಾತ್ರ ಸ್ವಲ್ಪವೇ ಏರಿತ್ತು. ಡಾಕ್ಟರು ನೋಡಿದ ಕೂಡಲೇ ಇದು ವೈರಸ್ ಕಾಮಾಲೆಯ ಹಾಗೆ ಕಾಣುತ್ತಿಲ್ಲ, ಪಿತ್ತ ಹರಿಯುವ ನಾಳ ಎಲ್ಲೋ ಕಟ್ಟಿಕೊಂಡಿದೆ, ಸ್ಕ್ಯಾನ್ ಮಾಡಿಸಿ ಅಂದರು. ಸ್ಕ್ಯಾನಿನಲ್ಲಿ ನಾಳದಲ್ಲಿ ಕಲ್ಲು ಇತ್ತು.

ಹೊಟ್ಟೆ ಕೊಯ್ಯದೆ ಬರೀ ಒಂದು ಅಂಕಿ ನೋಡಿ ನಾಳ ಕಟ್ಟಿದೆ ಅಂತ ಹೇಗೆ ಗೊತ್ತಾಯಿತು? ನಾನು ಇದನ್ನು ನಮ್ಮ ವಿಜ್ಞಾನದ ಮೇಷ್ಟ್ರಿಗೆ ಕೇಳಿದೆ. ಅವರೇ ನನಗೆ ಸುಬ್ಬರಾವ್ ಅವರ ಹೆಸರು ಮೊದಲು ಹೇಳಿದ್ದು.

ಆಲ್ಕಲೈನ್ ಫಾಸ್ಫಟೇಸ್ ಒಂದು ಕಿಣ್ವ. ಕಿಣ್ವ ಅಂದ್ರೆ ಪಾಠದಲ್ಲಿ ಓದಿದ್ದೇವೆ, ಜೊಲ್ಲಿನಲ್ಲಿರುವುದು ಅನ್ನದ ಪಿಷ್ಟವನ್ನು ಒಡೆಯುತ್ತದಲ್ಲ, ಹಾಗೆ. ಇದು ಬೇರೆ ವಸ್ತುಗಳಿಂದ ಫಾಸ್ಫೇಟನ್ನು ಕತ್ತರಿಸಿ ತೆಗೆಯುತ್ತದೆ. ಇದು ಮೂಳೆ ಕಟ್ಟುವ ಜೀವಕೋಶಗಳಲ್ಲಿ ಇದೆ, ಈಲಿಯಲ್ಲಿ ಪಿತ್ತ ಹರಿಯುವ ಕಡೆಯೂ ಇದೆ. ಪಿತ್ತನಾಳ ಕಟ್ಟಿಕೊಂಡರೆ ಈಲಿಯ ಕೋಶಗಳು ಇದನ್ನು ಹೆಚ್ಚು ತಯಾರಿಸುತ್ತವೆ, ಅದು ರಕ್ತಕ್ಕೆ ಸೇರುತ್ತದೆ. ವೈರಸ್ಸಿನಿಂದ ಈಲಿಯ ಕೋಶಗಳೇ ಹಾಳಾದರೆ ಎಸ್‌ಜಿಪಿಟಿ ಎಂಬ ಇನ್ನೊಂದು ಕಿಣ್ವ ಸೋರಿ ಬಹಳ ಏರುತ್ತದೆ. ಎರಡರಲ್ಲೂ ಕಣ್ಣು ಹಳದಿಯೇ. ಕಣ್ಣು ನೋಡಿ ಬೇರೆ ಮಾಡುವುದು ಕಷ್ಟ, ರಕ್ತ ನೋಡಿದರೆ ದಾರಿ ಗೊತ್ತಾಗುತ್ತದೆ.

1930ರ ದಶಕದಲ್ಲಿ ವೈದ್ಯರು ಈ ಕಿಣ್ವವನ್ನು ಅಳೆಯಲು ಶುರು ಮಾಡಿದರು. ಕಿಣ್ವವೇ ಕಣ್ಣಿಗೆ ಕಾಣಲ್ಲ, ಅದು ಮಾಡಿದ ಕೆಲಸ ಅಳೆಯಬೇಕು. ರೋಗಿಯ ರಕ್ತರಸಕ್ಕೆ ಗ್ಲಿಸರೊಫಾಸ್ಫೇಟ್ ಹಾಕಿ ಮೈಬಿಸಿಯಷ್ಟು ಬೆಚ್ಚಗೆ ಒಂದು ಗಂಟೆ ಇಡುವುದು. ಕಿಣ್ವ ಫಾಸ್ಫೇಟನ್ನು ಕತ್ತರಿಸುತ್ತಾ ಇರುತ್ತದೆ. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ನೀಲಿ ಬಣ್ಣದಿಂದ ಅಳೆದು ಕಳೆಯುವುದು. ಉಳಿದದ್ದೇ ಕಿಣ್ವದ ಲೆಕ್ಕ. ನ್ಯೂಯಾರ್ಕಿನ ಬೊಡಾನ್ಸ್ಕಿಯವರ ಹೆಸರಿನ ಯೂನಿಟ್ ಹೀಗೇ ಬಂತು. 1938ರಲ್ಲಿ ಗಟ್‌ಮನ್ ದಂಪತಿಗಳು ಇದರ ಅಣ್ಣತಮ್ಮನಂತಿರುವ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ, ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಏರುತ್ತದೆ ಅಂತ ತೋರಿಸಿದರು. ಈಗ ಲ್ಯಾಬಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಅಳೆಯಲು ಹಳದಿ ಬಣ್ಣ ಬರುವ ರಾಸಾಯನಿಕ ಬಳಸುತ್ತಾರೆ, ಯಂತ್ರವೇ ಓದುತ್ತದೆ. ಇನ್ನೊಂದು ಗೊತ್ತಾ? ನಮ್ಮ ವಯಸ್ಸಿನವರಿಗೆ ಮೂಳೆ ಬೆಳೆಯುತ್ತಿರುವುದರಿಂದ ಈ ಕಿಣ್ವ ದೊಡ್ಡವರಿಗಿಂತ ಎರಡು ಮೂರು ಪಟ್ಟು ಇರಬಹುದು. ಅದು ರೋಗವಲ್ಲ. ರಿಪೋರ್ಟ್ ನೋಡಿ ಹೆದರಬೇಡಿ.

ಸುಬ್ಬರಾವ್ ಅವರ ಕಥೆ ಇಲ್ಲಿಗೆ ಮುಗಿಯಲ್ಲ. (ಡ್ರಾಯಿಂಗ್ ಶೀಟ್ ಮುಗಿದು ಎರಡನೇ ಶೀಟ್ ಅಂಟಿಸಿದ್ದೇನೆ. ಹೆಡ್‌ಮೇಷ್ಟ್ರು ಕ್ಷಮಿಸಬೇಕು.) 1930ರಲ್ಲಿ ಪಿಎಚ್.ಡಿ. ಬಂದರೂ ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಎಂಬ ಔಷಧ ಕಂಪನಿಯ ಪ್ರಯೋಗಾಲಯಕ್ಕೆ ಹೋದರು. ಅಲ್ಲಿ ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಅದನ್ನು ಸ್ಪ್ರೂ ರೋಗಿಗಳಿಗೆ ಕೊಟ್ಟಾಗ ಅವರು ಚೇತರಿಸಿಕೊಂಡರು. ಅಣ್ಣತಮ್ಮಂದಿರು ಸತ್ತ ಅದೇ ರೋಗ. ವಾರಕ್ಕೊಮ್ಮೆ ನಮಗೆ ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆಯಲ್ಲಿ ಕಬ್ಬಿಣದ ಜೊತೆ ಇರುವುದು ಇದೇ ಫೋಲಿಕ್ ಆಮ್ಲ. ಅದನ್ನು ಕಿಟಕಿಯಿಂದ ಆಚೆ ಎಸೆಯುವವರು ಯಾರು ಅಂತ ಎಲ್ಲರಿಗೂ ಗೊತ್ತು.

ಫೋಲಿಕ್ ಆಮ್ಲಕ್ಕೆ ಅಡ್ಡ ನಿಲ್ಲುವ ಅಮಿನೊಪ್ಟೆರಿನ್ ಔಷಧಿಯೂ ಅವರ ತಂಡದ್ದೇ. ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟರು. 16 ಮಕ್ಕಳಲ್ಲಿ 10 ಮಕ್ಕಳು ಸ್ವಲ್ಪ ಕಾಲ ಚೇತರಿಸಿಕೊಂಡರು. ಅದಕ್ಕೂ ಮೊದಲು ಆ ಮಕ್ಕಳಿಗೆ ಏನೂ ದಾರಿ ಇರಲಿಲ್ಲ. ಆನೆಕಾಲು ರೋಗಕ್ಕೆ ಕೊಡುವ ಡಿ.ಇ.ಸಿ. ಮಾತ್ರೆಯೂ 1947ರಲ್ಲಿ ಅವರ ಪ್ರಯೋಗಾಲಯದಿಂದ ಬಂತು. ನಮ್ಮ ರಾಜ್ಯದ ಕಲಬುರಗಿ, ಯಾದಗಿರಿ ಕಡೆ ಮನೆಮನೆಗೆ ಹಂಚಿದ್ದು ಇದೇ ಮಾತ್ರೆ.

ಇಷ್ಟೆಲ್ಲ ಮಾಡಿದವರು ಮೂರು ವರ್ಷದಲ್ಲಿ ಬರ್ತೀನಿ ಅಂದ ಮಾತು ಮಾತ್ರ ನಡೆಸಲಿಲ್ಲ. ಭಾರತಕ್ಕೆ ವಾಪಸ್ ಬರಲೇ ಇಲ್ಲ. ಹುಟ್ಟಿದ ಮಗುವನ್ನೂ ನೋಡಲಿಲ್ಲ, ಅದು ಶಿಶುವಾಗಿದ್ದಾಗಲೇ ತೀರಿಕೊಂಡಿತು. ಹೆಂಡತಿ ಕಾಯುತ್ತಲೇ ಉಳಿದರು. ಇದು ನನಗೆ ಸರಿ ಅನ್ನಿಸಲಿಲ್ಲ. ಅಮ್ಮನಿಗೆ ಓದಿ ಹೇಳಿದಾಗ ಅವರೂ ಬಹಳ ಹೊತ್ತು ಸುಮ್ಮನಿದ್ದರು. ಅಮೆರಿಕದ ಪ್ರಜೆಯಾಗಲೂ ಇಲ್ಲ, ಕೊನೆಯವರೆಗೂ ಭಾರತೀಯರಾಗಿಯೇ ಇದ್ದರು. 1948ನೇ ಆಗಸ್ಟ್ ತಿಂಗಳಲ್ಲಿ ಒಂದು ರಾತ್ರಿ ನಿದ್ದೆಯಲ್ಲೇ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 53 ವರ್ಷ. 1995ರಲ್ಲಿ ಭಾರತ ಸರ್ಕಾರ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಒಂದು ಜಾತಿಯ ಶಿಲೀಂಧ್ರಕ್ಕೂ ಅವರ ಹೆಸರಿಟ್ಟಿದ್ದಾರೆ.

ತಾತನಿಗೆ ದೊಡ್ಡಾಸ್ಪತ್ರೆಯಲ್ಲಿ ಬಾಯಿಯಿಂದ ಟ್ಯೂಬ್ ಬಿಟ್ಟು ಕಲ್ಲು ತೆಗೆದರು. ಒಂದು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದಾಗ 118 ಬಂತು. ಎರಡೂ ರಿಪೋರ್ಟುಗಳನ್ನು ತಾತ ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾರೆ. ಯಾರಿಗಾದರೂ ನೋಡಬೇಕಿದ್ದರೆ ಭಾನುವಾರ ನಮ್ಮ ಮನೆಗೆ ಬನ್ನಿ, ಅವರೇ ತೆಗೆದು ತೋರಿಸ್ತಾರೆ.

— 7ನೇ ತರಗತಿ ವಿದ್ಯಾರ್ಥಿ