ಮೇಡಂ ಕ್ಯೂರಿ ತಲುಪದೆ ಹೋದ ಕಡಲ ತೀರ

ಮೇಡಂ ಕ್ಯೂರಿಯ ಹೆಸರು ಕೇಳಿದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರ ಬಹುಮಟ್ಟಿಗೆ ಒಂದೇ. ಮಳೆ ಬಂದರೆ ಸೋರುವ ಹಳೆಯ ಶೆಡ್ಡು, ಅದರೊಳಗೆ ಕುದಿಯುವ ಅದಿರಿನ ಕಡಾಯಿ, ಕಬ್ಬಿಣದ ಸಲಾಕೆಯಿಂದ ಅದನ್ನು ತಿರುವುತ್ತ ನಿಂತಿರುವ, ಕಪ್ಪು ಉಡುಪು ತೊಟ್ಟ, ನಗುವನ್ನೇ ಅರಿಯದವಳಂತೆ ತೋರುವ ಮಹಿಳೆ. ಈ ಚಿತ್ರ ಸುಳ್ಳಲ್ಲ. ಆದರೆ ಇದೇ ಪೂರ್ಣ ಚಿತ್ರವೂ ಅಲ್ಲ. ಬೇಸಗೆಯಲ್ಲಿ ಇದೇ ಮಹಿಳೆ ಪ್ರಯೋಗಶಾಲೆಯನ್ನು ಬಿಟ್ಟು, ತನ್ನ ಇಬ್ಬರು ಹೆಣ್ಣುಮಕ್ಕಳೊಡನೆ ಫ್ರಾನ್ಸಿನ ಬ್ರಿಟನಿ ಪ್ರಾಂತದ ಕಡಲ ತೀರಕ್ಕೆ ಹೋಗುತ್ತಿದ್ದಳು. ದೋಣಿಯಲ್ಲಿ ಕುಳಿತು ಹಾಡು ಕೇಳುತ್ತಿದ್ದಳು. ತಣ್ಣನೆಯ ನೀರಿನಲ್ಲಿ ಈಜುತ್ತಿದ್ದಳು. ಆ ಕಡಲ ತೀರದ ಮೂಲಕ ಅವಳ ಜೀವನವನ್ನು ನೋಡಿದರೆ, ಪಠ್ಯಪುಸ್ತಕದಲ್ಲಿ ಕಾಣದ ಒಬ್ಬ ತಾಯಿ ನಮಗೆ ಕಾಣುತ್ತಾಳೆ.

ಮೇರಿ ಹುಟ್ಟಿದ್ದು 1867ನೆಯ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾ ನಗರದಲ್ಲಿ. ಆಗ ಆ ನಗರ ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ತಂದೆ ಗಣಿತ ಮತ್ತು ಭೌತವಿಜ್ಞಾನದ ಉಪಾಧ್ಯಾಯ. ತಾಯಿ ಕ್ಷಯರೋಗದಿಂದ ತೀರಿಕೊಂಡಾಗ ಮೇರಿಗೆ ಹತ್ತು ವರ್ಷ. ಮನೆಯಲ್ಲಿ ವಿದ್ಯೆಗೆ ಬೆಲೆಯಿತ್ತು, ಹಣವಿರಲಿಲ್ಲ. ವಾರ್ಸಾದ ವಿಶ್ವವಿದ್ಯಾನಿಲಯ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅಕ್ಕ ಬ್ರೋನ್ಯಾ ಪ್ಯಾರಿಸಿನಲ್ಲಿ ವೈದ್ಯವಿದ್ಯೆ ಕಲಿಯಲೆಂದು ಮೇರಿ ಹಳ್ಳಿಗಾಡಿನ ಶ್ರೀಮಂತರ ಮನೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ನಿಂತಳು. ಸಂಬಳದಲ್ಲಿ ಉಳಿಸಿ ಅಕ್ಕನಿಗೆ ಕಳುಹಿಸಿದಳು. ಬಿಡುವಿನ ವೇಳೆಯಲ್ಲಿ ಆ ಊರಿನ ರೈತರ ಮಕ್ಕಳಿಗೆ, ಸರ್ಕಾರದ ಕಣ್ಣು ತಪ್ಪಿಸಿ, ಪೋಲಿಷ್ ಅಕ್ಷರ ಕಲಿಸಿದಳು. ತನ್ನ ಸರದಿ ಬಂದದ್ದು 1891ರಲ್ಲಿ. ಪ್ಯಾರಿಸಿಗೆ ಬಂದು, ಅಟ್ಟದ ಕೋಣೆಯಲ್ಲಿ ಚಳಿಗೆ ನಡುಗುತ್ತ ಓದಿ, 1893ರಲ್ಲಿ ಭೌತವಿಜ್ಞಾನದ ಪದವಿ ಪರೀಕ್ಷೆಯಲ್ಲಿ ಮೊದಲನೆಯವಳಾದಳು. ಮರುವರ್ಷ ಗಣಿತದಲ್ಲಿ ಎರಡನೆಯವಳಾದಳು.

1895ನೆಯ ಜುಲೈ 26ರಂದು ಆಕೆ ಪಿಯರ್ ಕ್ಯೂರಿಯನ್ನು ಮದುವೆಯಾದಳು. ಉಡುಗೊರೆಯಾಗಿ ಬಂದ ಹಣದಲ್ಲಿ ಇಬ್ಬರೂ ಎರಡು ಬೈಸಿಕಲ್ಲುಗಳನ್ನು ಕೊಂಡು, ಹಳ್ಳಿದಾರಿಗಳಲ್ಲಿ ಸುತ್ತಿ ಬಂದರು. ಅದೇ ಅವರ ಮದುವೆಯ ಪ್ರವಾಸ. 1897ರ ಬೇಸಗೆಯಲ್ಲಿ ಮೇರಿ ಗರ್ಭಿಣಿ. ವಿಶ್ರಾಂತಿಗೆಂದು ಬ್ರಿಟನಿಯ ಪೋರ್ ಬ್ಲಾಂ ಎಂಬ ಕಡಲ ತೀರದ ಊರಿಗೆ ಹೋದಳು. ಪೋಲೆಂಡಿನಿಂದ ಬಂದ ತಂದೆ ಜೊತೆಗಿದ್ದ. ಪ್ಯಾರಿಸಿನ ಕೆಲಸ ಮುಗಿಸಿ ಪಿಯರ್ ಬಂದು ಸೇರಿದ ಮೇಲೆ ಇಬ್ಬರೂ ತುಂಬುತಿಂಗಳೆಂಬುದನ್ನೂ ಲೆಕ್ಕಿಸದೆ ಮತ್ತೆ ಬೈಸಿಕಲ್ಲನ್ನೇರಿ ಬ್ರೆಸ್ಟಿನ ಕಡೆಗೆ ಹೊರಟರು. ದೇಹ ತನ್ನ ಮಿತಿಯನ್ನು ತಿಳಿಸಿತು. ಅವಸರದಿಂದ ಪ್ಯಾರಿಸಿಗೆ ಮರಳಬೇಕಾಯಿತು. ಸೆಪ್ಟೆಂಬರ್ 12ರಂದು ಹಿರಿಯ ಮಗಳು ಐರೀನ್ ಹುಟ್ಟಿದಳು.

ಮುಂದಿನ ಕಥೆ ಎಲ್ಲರಿಗೂ ಗೊತ್ತಿದೆ. 1898ರಲ್ಲಿ ದಂಪತಿಗಳು ಪೊಲೋನಿಯಮ್ ಮತ್ತು ರೇಡಿಯಮ್ ಎಂಬ ಎರಡು ಹೊಸ ಮೂಲವಸ್ತುಗಳನ್ನು ಕಂಡುಹಿಡಿದರು. 1903ರಲ್ಲಿ ಹೆನ್ರಿ ಬೆಕೆರೆಲ್‌ನೊಡನೆ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. 1904ರ ಡಿಸೆಂಬರಿನಲ್ಲಿ ಕಿರಿಯ ಮಗಳು ಈವ್ ಹುಟ್ಟಿದಳು. 1906ನೆಯ ಏಪ್ರಿಲ್ 19ರಂದು ಪ್ಯಾರಿಸಿನ ಬೀದಿಯಲ್ಲಿ ಕುದುರೆ ಬಂಡಿಯ ಚಕ್ರದಡಿ ಸಿಕ್ಕಿ ಪಿಯರ್ ತೀರಿಕೊಂಡ. ಮೂವತ್ತೆಂಟು ವರ್ಷದ ಮೇರಿ, ಎಂಟು ವರ್ಷದ ಒಬ್ಬ ಮಗಳು, ಇನ್ನೂ ಎರಡು ತುಂಬದ ಮತ್ತೊಬ್ಬಳು, ವೃದ್ಧನಾದ ಮಾವ ಡಾಕ್ಟರ್ ಯೂಜೀನ್ ಕ್ಯೂರಿ: ಮನೆಯಲ್ಲಿ ಉಳಿದವರು ಇವರು. ಗಂಡನ ಪಾಠವನ್ನು ಆಕೆಯೇ ಮುಂದುವರಿಸಿದಳು. ಸೊರ್ಬಾನ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದ ಮೊದಲ ಹೆಂಗಸು ಅವಳೇ. ಮಕ್ಕಳನ್ನು ನಿಜವಾಗಿ ಸಾಕಿದವನು ಮಾವ. 1910ರಲ್ಲಿ ಅವನೂ ಹೋದ.

ತಂದೆಯನ್ನೂ ತಾತನನ್ನೂ ಕಳೆದುಕೊಂಡ ಆ ಮನೆಯಲ್ಲಿ ಸಂತೋಷವೆಂಬುದು ತಾನಾಗಿ ಬರುವ ಸ್ಥಿತಿ ಇರಲಿಲ್ಲ. ಮೇರಿ ಅದನ್ನು ಪ್ರಯತ್ನಪೂರ್ವಕವಾಗಿ ಒದಗಿಸಿದಳು. ಮಕ್ಕಳಿಗೆ ತೋಟದ ಕೆಲಸ, ಅಂಗಸಾಧನೆ, ಬೈಸಿಕಲ್ಲು, ಈಜು ಎಲ್ಲವನ್ನೂ ಪಾಠದಷ್ಟೇ ಶ್ರದ್ಧೆಯಿಂದ ಕಲಿಸಿದಳು. ಶಾಲೆಯ ಕೋಣೆಯಲ್ಲಿ ಮಕ್ಕಳನ್ನು ದಿನವಿಡೀ ಕೂಡಿಹಾಕುವುದು ಆಕೆಗೆ ಒಪ್ಪಿಗೆಯಿರಲಿಲ್ಲ. ಪ್ರಾಧ್ಯಾಪಕ ಮಿತ್ರರೊಡನೆ ಸೇರಿ ತಮ್ಮ ತಮ್ಮ ಮಕ್ಕಳಿಗೆ ತಾವೇ ಸರದಿಯಂತೆ ಪಾಠ ಹೇಳುವ ಏರ್ಪಾಡನ್ನು ಸುಮಾರು ಎರಡು ವರ್ಷ ನಡೆಸಿದಳು.

ಆ ಮಿತ್ರರ ಬಳಗವೇ ಬೇಸಗೆಯಲ್ಲಿ ಕಡಲ ತೀರದಲ್ಲಿ ಸೇರುತ್ತಿತ್ತು. ಫ್ರಾನ್ಸಿನಲ್ಲಿ ಬೇಸಗೆಯೆಂದರೆ ಜುಲೈ, ಆಗಸ್ಟ್ ತಿಂಗಳುಗಳು. ಬ್ರಿಟನಿಯ ಉತ್ತರ ತೀರದಲ್ಲಿ ಪ್ಯಾಂಪೊಲ್ ಪಟ್ಟಣಕ್ಕೆ ಸಮೀಪದಲ್ಲಿ ಲಾರ್ಕುವೆಸ್ಟ್ ಎಂಬ ಸಣ್ಣ ಹಳ್ಳಿಯಿದೆ. ಕೆಂಬಣ್ಣದ ಬಂಡೆಗಳು, ಸದಾ ಬೀಸುವ ಗಾಳಿ, ಎದುರಿಗೆ ನೀರಿನಲ್ಲಿ ಚೆಲ್ಲಿದಂತಿರುವ ಸಣ್ಣ ದೊಡ್ಡ ದ್ವೀಪಗಳು. ಊರಿನವರು ಬೆಸ್ತರು, ನಾವಿಕರು, ರೈತರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚರಿತ್ರಕಾರ ಶಾರ್ಲ್ ಸೆನ್ಯೊಬೋಸ್, ಶರೀರವಿಜ್ಞಾನಿ ಲೂಯಿ ಲಾಪಿಕ್ ಈ ಸ್ಥಳವನ್ನು ಮೆಚ್ಚಿ ಬಂದು ನೆಲಸಿದರು. ಅವರ ಹಿಂದೆಯೇ ಭೌತವಿಜ್ಞಾನಿ ಜಾಂ ಪೆರಾಂ, ಗಣಿತಜ್ಞ ಎಮೀಲ್ ಬೊರೆಲ್ ಮೊದಲಾದವರ ಸಂಸಾರಗಳು ಬಂದುವು. ಪತ್ರಿಕೆಯವರು ಈ ಹಳ್ಳಿಗೆ ಸೊರ್ಬಾನಿನ ಕಡಲ ತೀರವೆಂದು ತಮಾಷೆಯ ಹೆಸರಿಟ್ಟರು.

ಅಲ್ಲಿಯ ಜೀವನ ಶ್ರೀಮಂತರ ವಿಹಾರಸ್ಥಳಗಳಂತಿರಲಿಲ್ಲ. ಹಳೆಯ ಬಟ್ಟೆ ತೊಟ್ಟು ಬರಿಗಾಲಿನಲ್ಲಿ ತಿರುಗುವುದೇ ಅಲ್ಲಿಯ ಪದ್ಧತಿ. ಎಲ್ಲರಿಗೂ ನಾಯಕನಾಗಿದ್ದವನು ವೃದ್ಧ ಸೆನ್ಯೊಬೋಸ್. ಅವನನ್ನು ಎಲ್ಲರೂ ಕ್ಯಾಪ್ಟನ್ ಎಂದು ಕರೆಯುತ್ತಿದ್ದರು. ಎಗ್ಲಾಂಟೀನ್ ಎಂಬ ಅವನ ಹಾಯಿದೋಣಿಯಲ್ಲಿ ಮಕ್ಕಳು, ವಿದ್ಯಾರ್ಥಿಗಳು, ಪ್ರಾಧ್ಯಾಪಕರು ಒಟ್ಟಿಗೆ ಹೊರಟು ಯಾವುದಾದರೊಂದು ದ್ವೀಪದ ಬಳಿ ಇಳಿದು ಈಜುತ್ತಿದ್ದರು. ಸಂಜೆ ಅವನ ಮನೆಯಲ್ಲಿ ಹಾಡು, ಕುಣಿತ. ಪ್ಯಾರಿಸಿನಲ್ಲಿ ಯಾರು ಎಷ್ಟು ದೊಡ್ಡವರೆಂಬುದು ಇಲ್ಲಿ ಲೆಕ್ಕಕ್ಕಿರಲಿಲ್ಲ. ಈಜು ಬಲ್ಲವನೇ ದೊಡ್ಡವನು. 1911ರಲ್ಲಿ ಎರಡನೆಯ ನೊಬೆಲ್ ಪಾರಿತೋಷಕ ಬಂದ ಸಮಯದಲ್ಲೇ ಪ್ಯಾರಿಸಿನ ಕೆಲವು ಪತ್ರಿಕೆಗಳು ಮೇರಿಯ ಖಾಸಗಿ ಜೀವನವನ್ನು ಬೀದಿಗೆಳೆದು, ಪರದೇಶದವಳೆಂದು ಹಳಿದು, ಅವಳನ್ನು ಹಾಸಿಗೆ ಹಿಡಿಯುವಂತೆ ಮಾಡಿದ್ದುವು. ಆಗ ಅವಳಿಗೂ ಮಕ್ಕಳಿಗೂ ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟವರು ಬೊರೆಲ್ ದಂಪತಿಗಳು. ಅಂತಹವರ ನೆರೆಯಲ್ಲಿ ಕಳೆಯುವ ಬೇಸಗೆ ಅವಳಿಗೆ ಬರಿಯ ವಿಹಾರವಾಗಿರಲಿಲ್ಲ. ತಲೆಯೆತ್ತಿ ಉಸಿರಾಡುವ ಸ್ಥಳವಾಗಿತ್ತು.

1914ರ ಬೇಸಗೆ ಬಂತು. ಪ್ಯಾರಿಸಿನಲ್ಲಿ ಪಿಯರ್ ಕ್ಯೂರಿಯ ಹೆಸರಿನ ಬೀದಿಯಲ್ಲಿ ರೇಡಿಯಮ್ ಸಂಸ್ಥೆಯ ಕಟ್ಟಡ ಆಗಷ್ಟೇ ಸಿದ್ಧವಾಗಿತ್ತು. ಗಂಡ ಬದುಕಿರುವವರೆಗೂ ಕಾಣದೆ ಹೋದ ಒಳ್ಳೆಯ ಪ್ರಯೋಗಶಾಲೆ ಅದು. ಮೇರಿ ಲಾರ್ಕುವೆಸ್ಟಿನಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಐರೀನ್ ಮತ್ತು ಈವ್ ಇಬ್ಬರನ್ನೂ ಮನೆಶಿಕ್ಷಕಿ ಮತ್ತು ಅಡಿಗೆಯವಳ ಜೊತೆಯಲ್ಲಿ ಮುಂದಾಗಿ ಕಳುಹಿಸಿದಳು. ಕೆಲಸ ಮುಗಿಸಿ ಆಗಸ್ಟ್ 3ರಂದು ತಾನೂ ಹೊರಡುವುದೆಂದು ನಿಶ್ಚಯವಾಗಿತ್ತು. ಆಗಸ್ಟ್ 1ರಂದು ಫ್ರಾನ್ಸಿನಲ್ಲಿ ಸೈನ್ಯಕ್ಕೆ ಕರೆ ಬಂತು. ಆಕೆ ಹೊರಡಬೇಕಾಗಿದ್ದ 3ನೆಯ ತಾರೀಖಿನಂದೇ ಜರ್ಮನಿ ಫ್ರಾನ್ಸಿನ ಮೇಲೆ ಯುದ್ಧ ಘೋಷಿಸಿತು.

ಕಡಲ ತೀರದಲ್ಲಿ ಇಬ್ಬರು ಹೆಣ್ಣುಮಕ್ಕಳು ತಾಯಿಯ ದಾರಿ ಕಾಯುತ್ತಿದ್ದರು. ಹಿರಿಯಳಿಗೆ ಹದಿನಾರು ವರ್ಷ, ಕಿರಿಯಳಿಗೆ ಒಂಬತ್ತು. ಪ್ರಯೋಗಶಾಲೆಯ ಗಂಡಸರು ಬಹುಮಟ್ಟಿಗೆ ಯುದ್ಧಕ್ಕೆ ಹೋಗಿದ್ದರು. ಮೇರಿ ಪ್ಯಾರಿಸನ್ನು ಬಿಡಲಿಲ್ಲ. ಆಕೆಯ ವಶದಲ್ಲಿ ಒಂದು ಗ್ರಾಂ ರೇಡಿಯಮ್ ಇತ್ತು. ಫ್ರಾನ್ಸಿನ ಸಂಶೋಧನೆಗೆ ಇದ್ದ ನಿಧಿ ಅದೊಂದೇ. ಅದನ್ನು ಬಿಟ್ಟು ಹೋಗುವುದು ಅವಳಿಗೆ ಸಾಧ್ಯವಾಗಲಿಲ್ಲ. ಹಳ್ಳಿಯಲ್ಲಿ ಐರೀನಳಿಗೆ ಸುಮ್ಮನಿರುವುದು ಕಷ್ಟವಾಯಿತು. ತಾನೂ ಪ್ಯಾರಿಸಿಗೆ ಬಂದು ಏನಾದರೂ ಸೇವೆ ಮಾಡುವೆನೆಂದು ತಾಯಿಗೆ ಕಾಗದದ ಮೇಲೆ ಕಾಗದ ಬರೆದಳು. ಯುದ್ಧದ ಭೀತಿಯಲ್ಲಿ ಅಲ್ಲಿಯ ಕೆಲವರು ಅವಳನ್ನೇ ಜರ್ಮನಿಯ ಗೂಢಚಾರಿಣಿಯೆಂದು ಶಂಕಿಸಿದ ಪ್ರಸಂಗವೂ ನಡೆದು, ಹುಡುಗಿ ನೊಂದಳು. ತಾಯಿ ಕರೆಸಿಕೊಳ್ಳಲಿಲ್ಲ. ತಂಗಿಯನ್ನು ನೋಡಿಕೊಳ್ಳುವಂತೆಯೂ, ಈಗ ದೇಶಕ್ಕಾಗಿ ದುಡಿಯಲಾಗದಿದ್ದರೆ ದೇಶದ ನಾಳೆಗಾಗಿ ಗಣಿತವನ್ನೂ ಭೌತವಿಜ್ಞಾನವನ್ನೂ ಓದುವಂತೆಯೂ ಬರೆದಳು.

ಸೆಪ್ಟೆಂಬರ್ ಮೊದಲ ವಾರದಲ್ಲಿ ಜರ್ಮನ್ ಸೈನ್ಯ ಪ್ಯಾರಿಸಿನ ಸಮೀಪಕ್ಕೆ ಬಂದಿತು. ಸರ್ಕಾರ ಬೋರ್ಡೋ ನಗರಕ್ಕೆ ಹೋಯಿತು. 3ನೆಯ ತಾರೀಖು ಮೇರಿ ಇಪ್ಪತ್ತು ಕಿಲೋ ತೂಕದ ಸೀಸದ ಪೆಟ್ಟಿಗೆಯಲ್ಲಿ ರೇಡಿಯಮ್ಮನ್ನಿಟ್ಟುಕೊಂಡು, ಜನ ಕಿಕ್ಕಿರಿದ ರೈಲಿನಲ್ಲಿ ತಾನೇ ಬೋರ್ಡೋಗೆ ಒಯ್ದಳು. ಅದನ್ನು ಸುರಕ್ಷಿತವಾಗಿಟ್ಟು, ಎಲ್ಲರೂ ಪ್ಯಾರಿಸನ್ನು ಬಿಟ್ಟು ಓಡುತ್ತಿದ್ದ ಆ ದಿನಗಳಲ್ಲಿ, ಆಕೆ ಸೈನಿಕರ ರೈಲನ್ನು ಹಿಡಿದು ಪ್ಯಾರಿಸಿಗೇ ಹಿಂತಿರುಗಿದಳು. ಮಾರ್ನ್ ನದಿಯ ಕದನದಲ್ಲಿ ಶತ್ರುಗಳು ಹಿಮ್ಮೆಟ್ಟಿದರು. ಅಪಾಯ ತಗ್ಗಿದ ಮೇಲೆ ಮಕ್ಕಳು ಕಡಲ ತೀರದಿಂದ ಮನೆಗೆ ಬಂದರು. ಆ ವರ್ಷ ತಾಯಿ ಅಲ್ಲಿಗೆ ಹೋಗಲೇ ಇಲ್ಲ.

ಮುಂದೆ ಆಕೆ ಮಾಡಿದ ಕೆಲಸ ಚಿರಸ್ಮರಣೀಯ. ಗಾಯಗೊಂಡ ಸೈನಿಕರ ದೇಹದಲ್ಲಿ ಗುಂಡು ಎಲ್ಲಿದೆಯೆಂದು ಎಕ್ಸ್‌ರೇಯಿಂದ ಕಂಡುಹಿಡಿಯಬಹುದು. ಆದರೆ ರಣರಂಗದ ಸಮೀಪದ ಆಸ್ಪತ್ರೆಗಳಲ್ಲಿ ಆ ಸಲಕರಣೆ ಇರಲಿಲ್ಲ. ಮೇರಿ ಸುಮಾರು ಇಪ್ಪತ್ತು ಮೋಟಾರು ಗಾಡಿಗಳಿಗೆ ಎಕ್ಸ್‌ರೇ ಯಂತ್ರಗಳನ್ನು ಅಳವಡಿಸಿ ಕಳುಹಿಸಿದಳು. 200 ಆಸ್ಪತ್ರೆಗಳಲ್ಲಿ ಎಕ್ಸ್‌ರೇ ಕೋಣೆಗಳನ್ನು ಏರ್ಪಡಿಸಿದಳು. ಮೋಟಾರು ನಡೆಸುವುದನ್ನೂ ಕಲಿತಳು. ಹತ್ತು ಲಕ್ಷಕ್ಕೂ ಹೆಚ್ಚು ಗಾಯಾಳುಗಳಿಗೆ ಇದರಿಂದ ನೆರವಾಯಿತು. ಈ ಕೆಲಸದಲ್ಲಿ ಆಕೆಯ ಬಲಗೈಯಾದವಳು, ಸುಮ್ಮನಿರಲಾರೆನೆಂದು ಕಡಲ ತೀರದಿಂದ ಕಾಗದ ಬರೆದ ಅದೇ ಐರೀನ್. ಹದಿನೆಂಟರ ಹರೆಯದಲ್ಲೇ ಆಕೆ ಒಬ್ಬಳೇ ಆಸ್ಪತ್ರೆಗಳಲ್ಲಿ ನಿಂತು ಯಂತ್ರ ನಡೆಸಿದಳು; ದಾದಿಯರಿಗೆ ಆ ವಿದ್ಯೆಯನ್ನು ಕಲಿಸಿದಳು; ಯುದ್ಧದ ನಡುವೆಯೇ ಸೊರ್ಬಾನಿನ ಗಣಿತ, ಭೌತವಿಜ್ಞಾನ, ರಸಾಯನಶಾಸ್ತ್ರದ ಪರೀಕ್ಷೆಗಳನ್ನೂ ಮುಗಿಸಿದಳು.

ಯುದ್ಧ ಮುಗಿದ ಮೇಲೆ ತಾಯಿ ಮಕ್ಕಳು ಮತ್ತೆ ಲಾರ್ಕುವೆಸ್ಟಿಗೆ ಹೋಗತೊಡಗಿದರು. ಐವತ್ತು ದಾಟಿದ ಮೇರಿ ತನ್ನ ಈಜನ್ನು ಹೆಣ್ಣುಮಕ್ಕಳ ಶಿಷ್ಯಳಾಗಿ ತಿದ್ದಿಕೊಂಡಳು. ನೊಬೆಲ್ ಪಾರಿತೋಷಕಗಳ ವಿಷಯದಲ್ಲಿ ಕಾಣದ ಹೆಮ್ಮೆ ಆಕೆಗೆ ತನ್ನ ಈಜಿನ ವಿಷಯದಲ್ಲಿ ಇತ್ತಂತೆ. ಕಣ್ಣಿಗೆ ಪೊರೆ ಬಂದು ಹಲವು ಶಸ್ತ್ರಚಿಕಿತ್ಸೆಗಳಾದುವು. ಬೆರಳುಗಳು ರೇಡಿಯಮ್ಮಿನಿಂದ ಸುಟ್ಟು ಒರಟಾಗಿದ್ದುವು. ಆದರೂ ಬೇಸಗೆ ಬಂದರೆ ಕಡಲು ಕರೆಯುತ್ತಿತ್ತು. 1926ರಲ್ಲಿ ಐರೀನ್ ಫ್ರೆಡರಿಕ್ ಜೋಲಿಯೋನನ್ನು ಮದುವೆಯಾದಳು. ಅವನೂ ಆ ಕಡಲ ಬಳಗಕ್ಕೆ ಸೇರಿದ. 1934ರ ಆರಂಭದಲ್ಲಿ ಮಗಳೂ ಅಳಿಯನೂ ಕೃತಕ ವಿಕಿರಣಶೀಲತೆಯನ್ನು ಕಂಡುಹಿಡಿದುದನ್ನು ಮೇರಿ ಕಣ್ಣಾರೆ ಕಂಡಳು. ಅದೇ ಜುಲೈ 4ರಂದು ತೀರಿಕೊಂಡಳು. ಮರುವರ್ಷ ಅವರಿಬ್ಬರಿಗೂ ನೊಬೆಲ್ ಪಾರಿತೋಷಕ ಬಂತು.

ಇದರ ಬೆಲೆಯನ್ನೂ ನಾವು ಮರೆಯಬಾರದು. ಮೇರಿ ಸತ್ತದ್ದು ರಕ್ತ ಉತ್ಪತ್ತಿಯೇ ನಿಂತುಹೋಗುವ ರೋಗದಿಂದ. 1956ರಲ್ಲಿ ಐರೀನ್ ಸತ್ತದ್ದು ರಕ್ತದ ಕ್ಯಾನ್ಸರಿನಿಂದ. 1995ರಲ್ಲಿ ಮೇರಿಯ ಶವಪೆಟ್ಟಿಗೆಯನ್ನು ಪ್ಯಾರಿಸಿನ ಪಾಂಥಿಯಾನ್ ಭವನಕ್ಕೆ ಒಯ್ಯುವಾಗ ಪರೀಕ್ಷಿಸಿದ ತಜ್ಞರು, ಆಕೆಯ ರೋಗಕ್ಕೆ ರೇಡಿಯಮ್ಮಿಗಿಂತ ಯುದ್ಧಕಾಲದ ಎಕ್ಸ್‌ರೇ ಕೆಲಸವೇ ಹೆಚ್ಚು ಕಾರಣವಾಗಿರಬಹುದೆಂದು ಅಭಿಪ್ರಾಯಪಟ್ಟರು. ಹಾಗಿದ್ದರೆ ಆ ತಾಯಿ 1914ರಲ್ಲಿ ಬಿಟ್ಟುಕೊಟ್ಟದ್ದು ಒಂದು ಬೇಸಗೆಯನ್ನು ಮಾತ್ರವಲ್ಲ. ಮಗಳನ್ನೂ ಅದೇ ಯಂತ್ರದ ಮುಂದೆ ನಿಲ್ಲಿಸಿದಾಗ ಅದರ ಅಪಾಯವೆಷ್ಟೆಂಬುದು ಇಬ್ಬರಿಗೂ ಪೂರ್ತಿಯಾಗಿ ತಿಳಿದಿರಲಿಲ್ಲ.

ದುಡಿದು ತಿನ್ನುವ ಮನೆಗಳಿಂದ ಕಾಲೇಜಿಗೆ ಬಂದ ನಮ್ಮಂಥವರಿಗೆ ವಿಹಾರವೆಂಬುದು ಉಳ್ಳವರ ಮಾತಾಗಿ ಕೇಳಿಸುತ್ತದೆ. ರಜೆ ಬಂದರೆ ಹೊಲ ಕಾಯುತ್ತಿರುತ್ತದೆ. ಪರರ ಮನೆಯಲ್ಲಿ ಸಂಬಳಕ್ಕಿದ್ದು ಓದಿದ ಮೇರಿಗೂ ವಿಹಾರ ಹುಟ್ಟಿನಿಂದ ಬಂದದ್ದಲ್ಲ. ಆಕೆ ಅದನ್ನು ಸೋಮಾರಿತನವೆಂದು ಎಂದೂ ಎಣಿಸಲಿಲ್ಲ. ಮಕ್ಕಳಿಗೆ ಸಲ್ಲಬೇಕಾದ ಪಾಲೆಂದು ತಿಳಿದು ವರ್ಷ ವರ್ಷವೂ ಸಲ್ಲಿಸಿದಳು. ಕರ್ತವ್ಯ ಅಡ್ಡ ಬಂದಾಗ ಮಾತ್ರ ತನ್ನ ಪಾಲನ್ನು ಬಿಟ್ಟುಕೊಟ್ಟಳು. ಮಕ್ಕಳ ಪಾಲನ್ನು ಕಡಲ ತೀರದಲ್ಲಿಯೇ ಇರಗೊಟ್ಟಳು. ಆಕೆಯ ದೊಡ್ಡತನವನ್ನು ಅಳೆಯುವಾಗ ಒಂದು ಗ್ರಾಂ ರೇಡಿಯಮ್ಮಿನ ಜೊತೆಗೆ, ತಲುಪದೆ ಹೋದ ಆ ಬೇಸಗೆಯನ್ನೂ ತಕ್ಕಡಿಯಲ್ಲಿಡಬೇಕು.