ಕೊಳೆರೋಗದ ಗುಟ್ಟು ಕಂಡ ಕೋಲ್ಮನ್

ಮಳೆಗಾಗಿ ಬಾಯ್ದೆರೆದಿರುವ ಇಂಡಿ, ಸಿಂದಗಿಗಳ ಸೀಮೆಯವನಾದ ನನಗೆ, ಮಳೆಯಿಂದಲೇ ಫಲ ಕೊಳೆಯುವ ಮಲೆನಾಡಿನ ಸಂಕಟವು ಮನಗಂಡದ್ದು ಲೆಸ್ಲಿ ಕೋಲ್ಮನ್ನರ ಜೀವನವನ್ನು ಓದಿದಾಗ. 1878ರಲ್ಲಿ ಕೆನಡಾದಲ್ಲಿ ಜನಿಸಿದ ಇವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಹಾಗೂ ಕೀಟಶಾಸ್ತ್ರಜ್ಞರಾಗಿ ಬಂದರು.

ಆಗ ಅಡಕೆಯ ಎಳೆಗಾಯಿಗಳು ಕೊಳೆತು ಉದುರುತ್ತಿದ್ದವು. ತೋಟಿಗರು ಗೊನೆಗೊನೆಗೂ ಕೊಟ್ಟೆ ಕಟ್ಟಿ ಹೆಣಗುತ್ತಿದ್ದರು. ಕೋಲ್ಮನ್ನರು ರೋಗಾಣುವಿನ ಸಂತಾನಕ್ರಮವನ್ನೇ ಅರಸಿದರು. ಕಾಯಿಯ ಮೇಲಣ ಬಿಳಿಯ ಬೂಷ್ಟು ಬೀಜಕಚೀಲಗಳನ್ನು ಹೊರುತ್ತದೆ. ನೀರಿನಲ್ಲಿ ಅವು ಒಡೆದು, ಬಾಲವುಳ್ಳ ಕಣಗಳು ಈಜಿ ಹೊಸ ಕಾಯಿಯನ್ನು ಹೊಗುತ್ತವೆ. ಮಳೆಯು ರೋಗವಲ್ಲ, ರೋಗದ ವಾಹನ! ಅವರ ಪ್ರಬಂಧ 1910ರಲ್ಲಿ ಪ್ರಕಟವಾಯಿತು. ಮುಂಗಾರಿಗೆ ಮೊದಲೇ ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸುವ ಪದ್ಧತಿ ತೋಟಗಳಲ್ಲಿ ನೆಲೆಯೂರಿತು.

ಫೈಟಾಫ್ತೊರವೆಂಬ ಈ ಕುಲವು ನಿಜವಾದ ಶಿಲೀಂಧ್ರವಲ್ಲ, ಕಂದು ಪಾಚಿಗಳ ದೂರದ ಬಂಧುವೆಂದು ಇಂದು ತಿಳಿದಿದೆ. ಇದರ ಹಲವು ಜಾತಿಗಳಲ್ಲಿ ಎರಡು ಸಂಯೋಗಬಗೆಗಳುಂಟು; ಅವು ಕೂಡಿದರೆ ಗಟ್ಟಿಗೋಡೆಯ ಬೀಜಕ ಹುಟ್ಟಿ, ವಂಶಗುಣಗಳು ಬೆರೆತು, ಹೊಸ ತಳಿಗಳಿಗೆ ದಾರಿಯಾಗುತ್ತದೆ. ರೋಗದೊಡನೆ ನಮ್ಮ ಹೋರಾಟ ಇನ್ನೂ ಮುಗಿದಿಲ್ಲ.

ಸಂಸ್ಥಾನದ ಕೃಷಿ ನಿರ್ದೇಶಕರಾಗಿ ದುಡಿದು, ಸ್ವದೇಶಕ್ಕೆ ಮರಳಿದ ಕೋಲ್ಮನ್ನರು 1954ರಲ್ಲಿ ತೀರಿಕೊಂಡರು. ನಿಂಬೆಯ ಬುಡದಲ್ಲಿ ಅಂಟು ಸೋರಿಸುವ ರೋಗಕ್ಕೂ ಇದೇ ಕುಲವು ಕಾರಣ. ಆದುದರಿಂದ ಇಂಡಿಯ ನಿಂಬೆಗಾರನಿಗೂ ಅವರು ಪರಕೀಯರಲ್ಲ.